ಗ್ಲುಟೆನ್ ಬಿಟ್ಟವರಿಗೆ ತಿನ್ನಲು ಏನಿದೆ? ಅಂಗಡಿ ತುಂಬ ಇದೆ

ಗ್ಲುಟೆನ್ ಎಂಬ ಪ್ರೋಟೀನ್ ತಿಂದರೆ ಸಣ್ಣ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ತಮಗಿದೆ ಎಂದು ಗೊತ್ತಾದವರು ಮೊದಲು ಮಾಡುವ ಕೆಲಸ ಒಂದೇ. ಅಂಗಡಿಗೆ ಹೋಗಿ ‘ಗ್ಲುಟೆನ್ ಫ್ರೀ’ ಎಂದು ದೊಡ್ಡದಾಗಿ ಬರೆದಿರುವ ಬ್ರೆಡ್ಡು, ಬಿಸ್ಕತ್ತು, ಪಾಸ್ತಾ ಹುಡುಕುತ್ತಾರೆ. ಸಿಕ್ಕರೆ ದುಡ್ಡು ಜಾಸ್ತಿಯಾದರೂ ತರುತ್ತಾರೆ. ಸಿಗದಿದ್ದರೆ ‘ಮಾಮೂಲಿ ಅಂಗಡೀಲಿ ನಮಗೇನೂ ಸಿಗಲ್ಲ ಮೇಡಂ’ ಎಂದು ಮುಖ ಸಪ್ಪೆ ಮಾಡಿಕೊಂಡು ನನ್ನ ಮುಂದೆ ಕೂರುತ್ತಾರೆ. ಡಯಟೀಷಿಯನ್ ಆಗಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಗ್ಲುಟೆನ್ ಇರುವುದು ಗೋಧಿ, ಬಾರ್ಲಿ, ರೈ ಮತ್ತು ಅವುಗಳ ಜಾತಿಗೆ ಸೇರಿದ ಧಾನ್ಯಗಳಲ್ಲಿ. ಅಷ್ಟೇ. ಅಕ್ಕಿ, ಮೆಕ್ಕೆಜೋಳ, ಆಲೂಗಡ್ಡೆ, ಬೇಳೆಕಾಳು, ಮೊಟ್ಟೆ, ಹಾಲು, ಮೊಸರು, ಮೀನು, ಮಾಂಸ, ಹಣ್ಣು, ತರಕಾರಿಗಳಲ್ಲಿ ಅದು ಮೊದಲಿಂದಲೂ ಇಲ್ಲ. ಇಲ್ಲದ್ದನ್ನು ಯಾರು ತೆಗೆಯುತ್ತಾರೆ? ಹಾಗಾಗಿ ಎಷ್ಟೋ ಪೊಟ್ಟಣಗಳ ಮೇಲೆ ಏನೂ ಬರೆದಿರುವುದಿಲ್ಲ. ಬರೆದಿಲ್ಲ ಎಂದ ಮಾತ್ರಕ್ಕೆ ಗ್ಲುಟೆನ್ ಇದೆ ಎಂದಲ್ಲ. ಇದೊಂದನ್ನು ನಾನು ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ಹೇಳುತ್ತೇನೆ. ಆದರೂ ಮುಂದಿನ ಸಲ ಅದೇ ಒಣ ಬ್ರೆಡ್ಡಿನ ಕಥೆ ಹಿಡಿದು ಬರುತ್ತಾರೆ.

ಕಾಲೇಜು ಹುಡುಗನೊಬ್ಬ ಬರುತ್ತಿದ್ದ. ಮುಟ್ಟಿದರೆ ಪುಡಿಯಾಗುವ ಬ್ರೆಡ್ಡು ತಿಂದೂ ತಿಂದೂ ಊಟವೆಂದರೇ ಬೇಜಾರಾಗಿತ್ತು ಪಾಪ. ಮೊದಲು ಏನು ಇಷ್ಟಪಟ್ಟು ತಿನ್ನುತ್ತಿದ್ದೆ ಎಂದು ಕೇಳಿದೆ. ಪಾಪ್‌ಕಾರ್ನ್, ಉಪ್ಪು ಹಾಕಿದ ಆಲೂಗಡ್ಡೆ ಚಿಪ್ಸ್, ಹುರಿದ ಕಡಲೆಕಾಯಿ, ಆಮ್ಲೆಟ್ ಎಂದ. ‘ಅವನ್ನೆಲ್ಲ ಯಾಕಪ್ಪ ಬಿಟ್ಟೆ?’ ‘ಅದರ ಮೇಲೆ ಗ್ಲುಟೆನ್ ಫ್ರೀ ಅಂತ ಇರಲಿಲ್ಲ ಮೇಡಂ.’ ಆಮ್ಲೆಟ್ಟಿನ ಮೇಲೆ ಯಾರಪ್ಪ ಬರೆದುಕೊಡುತ್ತಾರೆ!

ಹಾಗೆಂದು ಸಿಕ್ಕಿದ್ದೆಲ್ಲ ತಿನ್ನಿ ಎನ್ನುತ್ತಿಲ್ಲ. ಪೊಟ್ಟಣ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. ಚಿಪ್ಸ್‌ನಲ್ಲಿ ಆಲೂಗಡ್ಡೆ, ಎಣ್ಣೆ, ಉಪ್ಪು ಇಷ್ಟೇ ಇದ್ದರೆ ಒಳ್ಳೆಯದು. ಅದೇ ಕಂಪನಿಯ ಮಸಾಲೆ ಚಿಪ್ಸ್‌ನಲ್ಲಿ ಗೋಧಿ ಹಿಟ್ಟು ಸೇರಿರಬಹುದು. ಕಾರ್ನ್‌ಫ್ಲೇಕ್ಸ್ ಮೆಕ್ಕೆಜೋಳದ್ದೇ ಆದರೂ ರುಚಿಗೆ ಬಾರ್ಲಿಯ ಮಾಲ್ಟ್ ಹಾಕಿರುವುದು ಸಾಮಾನ್ಯ. ಸೋಯಾ ಸಾಸ್‌ನಲ್ಲಿ ಹೆಚ್ಚಾಗಿ ಗೋಧಿ ಇರುತ್ತದೆ. ‘ವ್ಹೀಟ್ ಫ್ರೀ’ ಎಂದಿದ್ದರೂ ಬಾರ್ಲಿ ಇರಬಹುದು. ಕಂಪನಿಯವರು ಹೇಳದೆ ಕೇಳದೆ ಪದಾರ್ಥ ಬದಲಿಸುತ್ತಾರೆ, ಆದ್ದರಿಂದ ಹೋದ ತಿಂಗಳು ತಂದದ್ದನ್ನೇ ತರುವಾಗಲೂ ಇನ್ನೊಮ್ಮೆ ಓದಿ.

ಗ್ಲುಟೆನ್ ಫ್ರೀ ಎಂಬ ಬರಹ ನಿಜಕ್ಕೂ ಬೇಕಾಗುವುದು ಹಿಟ್ಟು ಮತ್ತು ಓಟ್ಸ್ ಕೊಳ್ಳುವಾಗ. ಓಟ್ಸ್ ಹೊಲದಲ್ಲೋ ಗಿರಣಿಯಲ್ಲೋ ಗೋಧಿ, ಬಾರ್ಲಿ ಜೊತೆ ಬೆರೆತಿರುತ್ತದೆ. ಅಕ್ಕಿ ಹಿಟ್ಟು ಬೀಸಿದ ಯಂತ್ರದಲ್ಲೇ ಗೋಧಿಯನ್ನೂ ಬೀಸಿರಬಹುದು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಆ ಬರಹವಿರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಶುದ್ಧ ಓಟ್ಸ್ ಕೂಡ ಕೆಲವರಿಗೆ ಒಗ್ಗುವುದಿಲ್ಲ, ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಬಿಡಿಯಾಗಿ ತೂಗಿ ಕೊಡುವ ಹಿಟ್ಟು, ಕಾಳು ಬೇಡ. ಒಂದೇ ಸೌಟು ಎಲ್ಲ ಡಬ್ಬಕ್ಕೂ ಹೋಗಿರುತ್ತದೆ.

ಆ ವಿಶೇಷ ಬಿಸ್ಕತ್ತುಗಳ ಬಗ್ಗೆಯೂ ಒಂದು ಮಾತು. ಎಷ್ಟೋ ಸಲ ಅವು ಬರೀ ಪಿಷ್ಟ, ಸಕ್ಕರೆ, ಕೊಬ್ಬು. ನಾರು ಕಡಿಮೆ. ಆಸೆಯಾದಾಗ ತಿನ್ನಿ, ಬೇಡ ಎನ್ನಲ್ಲ. ಹೊಟ್ಟೆ ತುಂಬಿಸಿಕೊಳ್ಳಲು ಅನ್ನ, ಬೇಳೆ, ಮೊಟ್ಟೆ, ತರಕಾರಿ ಇವೆ.

ಇನ್ನೂ ಪರೀಕ್ಷೆ ಮಾಡಿಸದೆ ಅನುಮಾನದಲ್ಲೇ ಇರುವವರು ಇದನ್ನು ಓದಿ ಇವತ್ತೇ ಗೋಧಿ ಬಿಡಬೇಡಿ. ಸೀಲಿಯಾಕ್ ರಕ್ತಪರೀಕ್ಷೆ ಹುಡುಕುವುದು ಗ್ಲುಟೆನ್ ತಿನ್ನುವಾಗ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು. ಮೊದಲೇ ಬಿಟ್ಟಿದ್ದರೆ ಅವು ಇಳಿದು, ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಹೊಟ್ಟೆಯುಬ್ಬರ, ಭೇದಿ, ಎಷ್ಟು ಮಾತ್ರೆ ನುಂಗಿದರೂ ಏರದ ರಕ್ತ, ಹೀಗೇನಾದರೂ ಇದ್ದರೆ ಎಂದಿನಂತೆ ಊಟ ಮಾಡುತ್ತಲೇ ಡಾಕ್ಟರ ಹತ್ತಿರ ಹೋಗಿ.