ಹಂಬಲದ ಬುಡಕ್ಕೆ ಒಂದು ತಂತಿ

ಆ ತಂತಿಯ ದಪ್ಪ ಹೆಚ್ಚುಕಡಿಮೆ ಒಂದೂಕಾಲು ಮಿಲಿಮೀಟರ್. ತುದಿಯಲ್ಲಿ ಬಳೆಯಂಥ ನಾಲ್ಕು ಪುಟ್ಟ ಲೋಹದ ಪಟ್ಟಿಗಳು. ತಲೆಬುರುಡೆಯಲ್ಲಿ ಕೊರೆದ ರಂಧ್ರದಿಂದ ಅದನ್ನು ಮೆದುಳಿನ ಆಳಕ್ಕೆ ಇಳಿಸುತ್ತಾರೆ. ಇನ್ನೊಂದು ತುದಿ ಚರ್ಮದಡಿಯಲ್ಲೇ ಕತ್ತಿನ ಪಕ್ಕದಿಂದ ಇಳಿದು, ಎದೆಯಲ್ಲಿ ಹುದುಗಿಸಿದ ಬ್ಯಾಟರಿಯನ್ನು ಸೇರುತ್ತದೆ; ಅಲ್ಲಿಂದ ಮೆದುಳಿಗೆ ಸಣ್ಣ ವಿದ್ಯುತ್ ಮಿಡಿತಗಳು ಹೋಗುತ್ತವೆ. ಪಾರ್ಕಿನ್ಸನ್ ರೋಗಿಗಳ ನಡುಕಕ್ಕೆ ಈ ಚಿಕಿತ್ಸೆ ಹೊಸದಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಅಲಿಂ ಲೂಯಿ ಬೆನಾಬಿದ್ 1987ರಲ್ಲೇ ಇದಕ್ಕೆ ದಾರಿ ಮಾಡಿದ್ದರು. 2019ರ ನವೆಂಬರ್ 1ರಂದು ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡಾ. ಅಲಿ ರೆಜಾಯಿ ಅವರ ತಂಡ ಅಂಥದೇ ತಂತಿಯನ್ನು ಇನ್ನೊಂದು ಜಾಗಕ್ಕೆ ಇಳಿಸಿತು. ಈ ರೋಗಿಗೆ ನಡುಕವಿರಲಿಲ್ಲ. ಹತ್ತಕ್ಕೂ ಹೆಚ್ಚು ವರ್ಷಗಳಿಂದ ಬೆನ್ನು ಬಿಡದ ಓಪಿಯಾಯ್ಡ್ (ಅಫೀಮಿನ ಜಾತಿಯ ಮಾದಕ) ವ್ಯಸನವಿತ್ತು. ಆ ದೇಶದಲ್ಲಿ ಈ ಕಾಯಿಲೆಗೆ ಅದೇ ಮೊದಲ ಪ್ರಯತ್ನ. ಮಾದಕದ ಅತಿಸೇವನೆಯಿಂದ ಸಾಯುವವರ ಪ್ರಮಾಣ ಆಗ ಅಲ್ಲಿ ಅತಿ ಹೆಚ್ಚಿದ್ದದ್ದು ಅದೇ ರಾಜ್ಯದಲ್ಲಿ.

ತಂತಿಯ ತುದಿ ನಿಂತದ್ದು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಸಣ್ಣ ಗಂಟಿನ ಬಳಿ. ಯಾವುದು ಬೇಕು, ಎಷ್ಟು ಬೇಕು, ಅದಕ್ಕಾಗಿ ಎಷ್ಟು ಒದ್ದಾಡಬಹುದು ಎಂಬ ಲೆಕ್ಕ ನಡೆಯುವ ಜಾಲದಲ್ಲಿ ಇದೊಂದು ಮುಖ್ಯ ನೆಲೆ. ಈ ಜಾಲದ ಬಲ ಮೊದಲು ಕಣ್ಣಿಗೆ ಬಿದ್ದದ್ದು ಇಲಿಗಳಲ್ಲಿ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮೆದುಳಿಗೆ ತಂತಿ ಹಾಕಿ, ಸನ್ನೆಗೋಲು ಒತ್ತಿದರೆ ತಮಗೆ ತಾವೇ ಒಂದು ಮಿಡಿತ ವಿದ್ಯುತ್ತು ಕೊಟ್ಟುಕೊಳ್ಳುವಂತೆ ಮಾಡಿದ್ದರು. ಇಲಿಗಳು ಸನ್ನೆಗೋಲು ಬಿಡಲೇ ಇಲ್ಲ, ಮತ್ತೆ ಮತ್ತೆ ಒತ್ತಿದವು.

ಹೆರಾಯಿನ್, ಮಾರ್ಫಿನ್, ಫೆಂಟನಿಲ್‌ಗಳು ಒಳಗೆ ಹೋಗಿ ಕೆದಕುವುದೂ ಇದೇ ಜಾಲವನ್ನು. ಡೋಪಮೈನ್ ಎಂಬ ರಾಸಾಯನಿಕ ಸುರಿಸುವ ನರಕೋಶಗಳನ್ನು ಹಿಡಿತದಲ್ಲಿಡುವ ಕಾವಲು ಕೋಶಗಳಿರುತ್ತವೆ; ಈ ಮದ್ದುಗಳು ಆ ಕಾವಲನ್ನೇ ಮಲಗಿಸುತ್ತವೆ. ಡೋಪಮೈನ್ ಉಕ್ಕುತ್ತದೆ, ಮೆದುಳು ಕಲಿಯುತ್ತದೆ. ಕಲಿಯುವುದು ಮದ್ದನ್ನು ಮಾತ್ರವಲ್ಲ. ಸೂಜಿ, ಅದು ಸಿಗುತ್ತಿದ್ದ ಬೀದಿಯ ತಿರುವು, ಜೊತೆಗಾರನ ಫೋನ್ ಕರೆ, ಎಲ್ಲವನ್ನೂ. ಮದ್ದು ನಿಲ್ಲಿಸಿದಾಗ ಬರುವ ನಡುಕ, ಬೆವರು, ವಾಂತಿ, ಮೈಕೈ ನೋವು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಇಳಿಯುತ್ತವೆ. ಕಲಿತದ್ದು ಇಳಿಯುವುದಿಲ್ಲ. ಎಷ್ಟೋ ತಿಂಗಳ ನಂತರ ಆ ತಿರುವಿನಲ್ಲಿ ಹಾದುಹೋದರೆ ಸಾಕು, ಹಂಬಲ ಮೈಮೇಲೆ ಬರುತ್ತದೆ.

ಅಪಾಯ ಅತಿ ಹೆಚ್ಚಿರುವುದೂ ಆಗಲೇ. ಬಿಟ್ಟಿದ್ದ ದಿನಗಳಲ್ಲಿ ದೇಹದ ತಾಳಿಕೆ ಕುಗ್ಗಿರುತ್ತದೆ. ಹಿಂದೆ ರೂಢಿಯಾಗಿದ್ದ ಅದೇ ಪ್ರಮಾಣ ಈಗ ಉಸಿರು ನಿಲ್ಲಿಸಬಲ್ಲದು. ಬಿಡಬೇಕೆಂದು ಪಣ ತೊಟ್ಟು, ನಿಜವಾಗಿಯೂ ಬಿಟ್ಟು, ಒಂದು ಸಲ ಎಡವಿದವರು ಹೀಗೆ ಸಾಯುತ್ತಾರೆ. ‘ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಗುತ್ತೆ’ ಎನ್ನುವವರು ಇದನ್ನು ತಿಳಿಯಬೇಕು. ಇವರ ಮನಸ್ಸು ಗಟ್ಟಿಯಾಗಿಯೇ ಇತ್ತು.

ಹಾಗಂತ ಎಲ್ಲರ ತಲೆಗೂ ತಂತಿ ಬೇಕಿಲ್ಲ. ಮೆಥಡೋನ್, ಬ್ಯುಪ್ರೆನಾರ್ಫಿನ್‌ಗಳಂಥ ಔಷಧಗಳು ಸಾವಿನ ಸಂಭವವನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಇವು ಸಿಗಬೇಕಾದ ಎಷ್ಟೋ ಜನರಿಗೆ ಇನ್ನೂ ಸಿಗುತ್ತಿಲ್ಲ ಎಂಬುದೇ ನನಗೆ ದೊಡ್ಡ ಸಂಕಟ. ತಂತಿಯ ಮಾತು ಬರುವುದು ಇವನ್ನೆಲ್ಲ ಮತ್ತೆ ಮತ್ತೆ ಪ್ರಯತ್ನಿಸಿ ಸೋತವರಿಗೆ, ಸಾವಿನ ಬಾಗಿಲಿಗೆ ಹೋಗಿ ಬಂದವರಿಗೆ. ಏಕೆಂದರೆ ಈ ಶಸ್ತ್ರಚಿಕಿತ್ಸೆಯಲ್ಲಿ ನೂರರಲ್ಲಿ ಒಬ್ಬಿಬ್ಬರಿಗೆ ಮೆದುಳಿನೊಳಗೆ ರಕ್ತಸ್ರಾವವಾಗಬಹುದು. ಸೋಂಕಿನ ಭಯವೂ ಇದೆ.

ವೆಸ್ಟ್ ವರ್ಜೀನಿಯಾದ ಪ್ರಯೋಗದಲ್ಲಿದ್ದವರು ನಾಲ್ಕೇ ಜನ. ತಂತಿಯ ಜೊತೆಗೆ ಔಷಧ, ಆಪ್ತಸಮಾಲೋಚನೆಗಳೂ ನಡೆದವು. ಇಬ್ಬರು ಮಾದಕದಿಂದ ಪೂರ್ತಿ ದೂರ ಉಳಿದರು, ಒಬ್ಬರ ಬಳಕೆ ತಗ್ಗಿತು, ಇನ್ನೊಬ್ಬರಿಂದ ಸಾಧನವನ್ನು ಹೊರತೆಗೆಯಬೇಕಾಯಿತು. ನಾಲ್ಕು ಜನರಿಂದ ಚಿಕಿತ್ಸೆಯೊಂದನ್ನು ಒಪ್ಪಲಾಗದು, ತಳ್ಳಿಹಾಕಲೂ ಆಗದು. ನನಗೆ ಕಾಣುವಂತೆ ತಂತಿ ಮಾಡಿದ್ದು ಒಂದೇ ಉಪಕಾರ: ಹಂಬಲದ ಗದ್ದಲ ತಗ್ಗಿಸಿ, ಬೇರೆ ಚಿಕಿತ್ಸೆಗಳ ಮಾತು ಕಿವಿಗೆ ಬೀಳುವಷ್ಟು ಬಿಡುವು ಕೊಟ್ಟದ್ದು.

ಇಲ್ಲಿ ಹಳೆಯ ಗಾಯವೊಂದನ್ನು ಮರೆಯುವಂತಿಲ್ಲ. ಚೀನಾದಲ್ಲಿ 2000ದ ಸುಮಾರಿಗೆ ವ್ಯಸನಿಗಳ ಮೆದುಳಿನ ಇದೇ ಭಾಗವನ್ನು ಸುಟ್ಟುಹಾಕುವ ಶಸ್ತ್ರಚಿಕಿತ್ಸೆಗಳು ನಡೆದವು. 2004ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ ಅದನ್ನು ತಡೆಯಿತು. ಸುಟ್ಟದ್ದು ಮರಳಿ ಬರುವುದಿಲ್ಲ. ತಂತಿಯ ವಿದ್ಯುತ್ತನ್ನಾದರೆ ನಿಲ್ಲಿಸಬಹುದು, ಸಾಧನವನ್ನೇ ತೆಗೆಯಬಹುದು. ಆದರೂ ಚಡಪಡಿಸುತ್ತಿರುವ ವ್ಯಕ್ತಿ, ಕಂಗೆಟ್ಟ ಮನೆಯವರ ಒತ್ತಾಯದ ನಡುವೆ ‘ಸರಿ, ಮಾಡಿ’ ಎಂದರೆ ಅದು ನಿಜಕ್ಕೂ ಅವರದೇ ಒಪ್ಪಿಗೆಯೇ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು.

ರೆಜಾಯಿ ತಂಡ ಈಗ ಬುರುಡೆ ಕೊರೆಯದ ದಾರಿಯನ್ನೂ ಹುಡುಕುತ್ತಿದೆ. ಶಿರಸ್ತ್ರಾಣದಂಥ ಸಾಧನದಿಂದ ಅಲ್ಟ್ರಾಸೌಂಡ್ ಅಲೆಗಳನ್ನು ಅದೇ ಗಂಟಿನ ಮೇಲೆ ಒಟ್ಟುಗೂಡಿಸುತ್ತಾರೆ. ಎಂಆರ್‌ಐ ಯಂತ್ರದಲ್ಲಿ ಮಲಗಿದ ರೋಗಿಗೆ ಮಾದಕದ ಚಿತ್ರಗಳನ್ನು ತೋರಿಸಿ ಹಂಬಲ ಎಷ್ಟಿದೆ ಎಂದು ಅಂಕಿಯಲ್ಲಿ ಕೇಳುತ್ತಾರೆ. ಅಲೆಗಳನ್ನು ಹಾಯಿಸಿದ ಮೇಲೆ ಅವೇ ಚಿತ್ರ, ಅದೇ ಪ್ರಶ್ನೆ. ಅಂಕಿ ಇಳಿದರೆ ಸಂತೋಷವೇ. ಆದರೆ ಚಿಕಿತ್ಸೆ ಪಡೆದೆನೆಂಬ ನಂಬಿಕೆಯಿಂದಲೂ ಅಂಕಿ ಇಳಿಯಬಹುದು. ಹಾಗಾಗಿ ಕೆಲವರಿಗೆ ನಿಜವಾದ ಅಲೆ, ಕೆಲವರಿಗೆ ಬರೀ ತೋರಿಕೆಯ ಅಲೆ ಕೊಟ್ಟು, ಯಾರಿಗೆ ಯಾವುದೆಂದು ರೋಗಿಗೂ ಅಂಕಿ ಬರೆದುಕೊಳ್ಳುವವರಿಗೂ ತಿಳಿಸದೆ ಹೋಲಿಸಬೇಕು. ಆಮೇಲೆ ಅದೇ ಜನರನ್ನು ಅವರ ಬೀದಿಗಳಿಗೆ, ಅವರ ಫೋನುಗಳ ಬಳಿಗೆ ಕಳಿಸಿ, ತಿಂಗಳುಗಟ್ಟಲೆ ವಿಚಾರಿಸುತ್ತಿರಬೇಕು.