ಮೀನಿಲ್ಲದ ತಿಂಗಳಿಗೂ ಕಂತು ಯಾಕೆ?

ಸೋಲಾರ್ ಕೆಲಸಕ್ಕೆ ಇಳಿದು ಹದಿನೆಂಟು ವರ್ಷವಾಯಿತು. ಉಡುಪಿಯಲ್ಲಿ ಯಾವ ಸಭೆಗೆ ಹೋದರೂ ಒಂದೇ ಮಾತು: "ಬಡವರಿಗೆ ಸೋಲಾರ್ ದುಬಾರಿ ಅಲ್ವಾ, ಸಬ್ಸಿಡಿ ಜಾಸ್ತಿ ಮಾಡಬೇಕು." ಕೇಳಿ ಕೇಳಿ ಸಾಕಾಗಿದೆ.

ಸಬ್ಸಿಡಿ ಬೇಡ ಅನ್ನುತ್ತಿಲ್ಲ. ಮನೆಯ ಛಾವಣಿಗೆ ಸೋಲಾರ್ ಹಾಕಿಸುವ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಿಗುತ್ತದೆ. ಆದರೆ ಅದು ಖಾತೆಗೆ ಬೀಳುವುದು ಪ್ಯಾನಲ್ ಕೂರಿಸಿ, ಮೆಸ್ಕಾಂ ಮೀಟರ್ ಹಾಕಿದ ಮೇಲೆ. ಬಾಡಿಗೆ ಮನೆಯವರಿಗಂತೂ ಸ್ವಂತ ಛಾವಣಿಯೇ ಇಲ್ಲ. (ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವವರು ಅವಸರ ಮಾಡಬೇಡಿ, ಮೊದಲು ಲೆಕ್ಕ ಹಾಕಿ. ಇದನ್ನು ಹೇಳಿಯೇ ನಾನು ಕೆಲವು ಗಿರಾಕಿಗಳನ್ನು ಕಳೆದುಕೊಂಡದ್ದುಂಟು.)

ಮೀನು ಮಾರುವವರು, ಬೀಡಿ ಕಟ್ಟುವವರು ಬೆಲೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಮೆಲ್ಲ ಕೇಳುತ್ತಾರೆ: "ಕಂತು ಕಟ್ಟುವುದು ಯಾವಾಗ?"

ಮಲ್ಪೆಯ ಒಬ್ಬರು ಅಕ್ಕ. ಸಂಜೆ ಐಸ್ ಕರಗಿದರೆ ಉಳಿದ ಮೀನನ್ನು ಸಿಕ್ಕಿದ ರೇಟಿಗೆ ಕೊಡಬೇಕು. ಸಾಲ ಮಾಡಿ ಸೋಲಾರ್ ಫ್ರೀಜರ್ ಹಾಕಿಸಿಕೊಂಡರು. ಪ್ರತಿ ತಿಂಗಳು 5ನೇ ತಾರೀಕಿಗೆ ಕಂತು. ಮೇ ತನಕ ಒಂದು ದಿನ ತಪ್ಪಲಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿಲ್ಲ, ಮಳೆಗೆ ಬಿಸಿಲೂ ಇಲ್ಲ. ಕಂತು ಮಾತ್ರ ಬಂತು. ಎರಡು ತಪ್ಪಿತು. ಬ್ಯಾಂಕಿನವರು ನನ್ನನ್ನು ಕರೆದು, "ನೋಡಿ, ಇಂಥವರಿಗೆ ಕೊಡಬಾರದು ಅನ್ನುವುದು ಇದಕ್ಕೇ" ಎಂದರು.

ನನಗೆ ಸಿಟ್ಟು ಬಂತು. ಬೆಳೆಸಾಲಕ್ಕೆ ಕೊಯ್ಲಿನ ತನಕ ಕಾಯುತ್ತೀರಲ್ಲ, ಕಡಲಿನ ಕೊಯ್ಲಿಗೆ ಯಾಕಿಲ್ಲ? ದಿನಕ್ಕೆ ಎರಡಾಣೆ ಕೂಡಿಸಲು 1928ರಲ್ಲೇ ಮನೆ ಮನೆಗೆ ಹೋದ ಪಿಗ್ಮಿ ಠೇವಣಿ ಹುಟ್ಟಿದ್ದು ಇದೇ ಉಡುಪಿಯ ಸಿಂಡಿಕೇಟ್ ಬ್ಯಾಂಕಿನಲ್ಲಿ. ಕೂಡಿಸುವಾಗ ಗಿರಾಕಿಯ ದುಡಿಮೆ ನೋಡುತ್ತೇವೆ, ವಸೂಲಿಗೆ ಕ್ಯಾಲೆಂಡರ್ ನೋಡುತ್ತೇವೆ.

ನಾಲ್ಕು ಸಲ ಓಡಾಡಿದ ಮೇಲೆ ವರ್ಷಕ್ಕೆ ಹತ್ತು ಕಂತು ಅಂತಾಯಿತು. ಕಂತು ತುಸು ದೊಡ್ಡದು, ಜೂನ್ ಜುಲೈ ರಜೆ. ಎಲ್ಲ ಬ್ಯಾಂಕೂ ಒಪ್ಪುತ್ತದೆ ಎನ್ನಲಾರೆ. ಬಡ್ಡಿ ಎಷ್ಟು ಏರುತ್ತದೆಂದು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಎಲ್ಲೂರಿನ 1,200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ ಬದಲಿಗೆ ಏನು ಅಂತ ದೊಡ್ಡವರು ಮಾತಾಡಲಿ, ಬೇಡ ಅನ್ನುವುದಿಲ್ಲ. ಬಿಸಿಲಿನ ಕಡೆ ಹೊರಟ ಬಸ್ಸಿಗೆ ಈ ಅಕ್ಕನೂ ಹತ್ತಬೇಕಲ್ಲ.

ಆಗಸ್ಟ್‌ನಲ್ಲಿ ಅವರದೇ ಫೋನ್. "ಬಂಗುಡೆ ಬಂತು, ಕಂತು ಕಟ್ಟಿದೆ. ಮೀನಿನ ವಾಸನೆಗೆ ಕಾಗೆಗಳು ಬಂದು ಪ್ಯಾನಲ್ ಪೂರಾ ಗಲೀಜು ಮಾಡಿವೆ ಮಾರಾಯ್ರೆ. ಅದನ್ನು ತೊಳೆಯುವುದು ನೀವಾ, ನಾನಾ?"