ರೋಮ್ ಹೊತ್ತಿ ಉರೀತಿದ್ದಾಗ ನೀರೋ ನಿಜವಾಗ್ಲೂ ಪಿಟೀಲು ಬಾರಿಸ್ತಿದ್ನಾ?

ಓದುಗರ ಪ್ರಶ್ನೆ: ಪ್ರವಾಹ ಬರ್ಲಿ, ಬರ ಬರ್ಲಿ, ಯಾರಾದ್ರೂ ಒಬ್ರು ಎದುರು ಪಾರ್ಟಿಯವರನ್ನ "ರೋಮ್ ಹೊತ್ತಿ ಉರೀತಿದ್ರೆ ನೀರೋ ಪಿಟೀಲು ಬಾರಿಸ್ತಿದ್ನಂತೆ, ಹಾಗಾಯ್ತು ಇವರ ಕಥೆ" ಅಂತ ಬೈದೇ ಬೈತಾರೆ. ಇದು ನಿಜವಾಗ್ಲೂ ನಡೆದಿದ್ದಾ?

ಪಿಟೀಲಂತೂ ಖಂಡಿತ ಅಲ್ಲ. ಪಿಟೀಲು ಹುಟ್ಟಿದ್ದೇ 16ನೇ ಶತಮಾನದ ಇಟಲಿಯಲ್ಲಿ, ರೋಮ್ ಚಕ್ರವರ್ತಿ ನೀರೋ ಸತ್ತಿದ್ದು ಕ್ರಿ.ಶ. 68ರಲ್ಲಿ. ಅವನು ನುಡಿಸ್ತಿದ್ದಿದ್ದು ಕಿಥಾರ ಅನ್ನೋ ಮೀಟೋ ತಂತಿವಾದ್ಯ, ಅದನ್ನ ನುಡಿಸ್ಕೊಂಡು ಹಾಡ್ತಿದ್ದ. ಆದ್ರೆ ಉತ್ತರ ಇಷ್ಟಕ್ಕೇ ನಿಲ್ಲಿಸೋದು ನಂಗೆ ಸರಿ ಅನ್ಸಲ್ಲ, ಯಾಕಂದ್ರೆ ಜನ ಕೇಳ್ತಿರೋದು ವಾದ್ಯದ ಬಗ್ಗೆ ಅಲ್ಲ, ಊರು ಉರೀತಿದ್ದಾಗ ದೊರೆ ಸುಮ್ನೆ ಕೂತು ಮಜಾ ಮಾಡಿದ್ನಾ ಅನ್ನೋದರ ಬಗ್ಗೆ.

ಆಗಿದ್ದು ಹೀಗೆ. ಕ್ರಿ.ಶ. 64, ಜುಲೈ 18ರ ರಾತ್ರಿ. ರಥದ ರೇಸ್ ನಡೆಯೋ ಸರ್ಕಸ್ ಮ್ಯಾಕ್ಸಿಮಸ್ ಮೈದಾನದ ಪಕ್ಕ ಅಂಗಡಿ ಸಾಲು, ಬೇಗ ಬೆಂಕಿ ಹತ್ತೋ ಸಾಮಾನು ತುಂಬಿದ್ದ ಅಂಗಡಿಗಳು, ಅಲ್ಲಿ ಕಿಡಿ ಹತ್ತಿಕೊಳ್ತು. ಗಾಳಿ ಬೇರೆ ಜೋರು. ಬೇಸಿಗೆ ಕಾಲ, ಇಕ್ಕಟ್ಟು ಗಲ್ಲಿಗಳು, ಮರದ ತೊಲೆ ಹಾಕಿ ಮಹಡಿ ಮೇಲೆ ಮಹಡಿ ಎಬ್ಬಿಸಿದ ಬಾಡಿಗೆ ಮನೆಗಳು, ಆರು ದಿನ ಉರಿದು ಇನ್ನೇನು ಆರ್ತು ಅಂದ್ಕೊಳ್ಳೋವಾಗ ಮತ್ತೆ ಹತ್ತಿಕೊಳ್ತು. ಊರಿನ 14 ವಾರ್ಡ್‌ಗಳಲ್ಲಿ ಉಳಿದಿದ್ದು ಬರೀ 4, ಮೂರು ಪೂರ್ತಿ ನೆಲಸಮ, ಮಿಕ್ಕ ಏಳರಲ್ಲಿ ಅಲ್ಲಲ್ಲಿ ಸುಟ್ಟು ಕರಕಲಾದ ಗೋಡೆ ಅಷ್ಟೇ. ಬೆಂಕಿ ಆರಿಸೋಕೆ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದಿಂದಲೂ ವಿಜಿಲೆಸ್ ಅನ್ನೋ ಪಡೆ ಇತ್ತು, ಆದ್ರೆ ಬಕೆಟ್ಟು ಕೊಡಲಿ ಕೈಪಂಪು ಇಟ್ಕೊಂಡು ಇಷ್ಟು ದೊಡ್ಡ ಬೆಂಕಿ ತಡೆಯೋದು ಹೇಗೆ?

ನೀರೋ ಆಗ ರೋಮ್‌ನಲ್ಲೇ ಇರ್ಲಿಲ್ಲ. ಸುಮಾರು 50 ಕಿಲೋಮೀಟರ್ ದೂರದ ಸಮುದ್ರ ತೀರದ ಆಂಟಿಯಮ್‌ನಲ್ಲಿದ್ದ, ಅವನು ಹುಟ್ಟಿದ ಊರದು. ಬೆಂಕಿ ತನ್ನ ಅರಮನೆ ಕಡೆಗೇ ಬರ್ತಿದೆ ಅಂತ ಗೊತ್ತಾದ್ಮೇಲೆ ವಾಪಸ್ ಬಂದ. ಅರಮನೆ ಉಳೀಲಿಲ್ಲ. ಬಂದ್ಮೇಲೆ ಅವನು ಮಾಡಿದ್ದೇನು ಅಂದ್ರೆ, ಮನೆ ಕಳ್ಕೊಂಡವರಿಗೆ ದೊಡ್ಡ ಬಯಲು, ಸರ್ಕಾರಿ ಕಟ್ಟಡಗಳು, ಕೊನೆಗೆ ತನ್ನ ಸ್ವಂತ ತೋಟಗಳನ್ನೂ ಬಿಟ್ಟುಕೊಟ್ಟ, ತಾತ್ಕಾಲಿಕ ಶೆಡ್ ಹಾಕಿಸ್ದ, ಓಸ್ಟಿಯಾ ಬಂದರಿಂದ ಮತ್ತು ಅಕ್ಕಪಕ್ಕದ ಊರುಗಳಿಂದ ಸಾಮಾನು ತರಿಸ್ದ, ಧಾನ್ಯದ ರೇಟು ಇಳಿಸ್ದ. ಇದನ್ನೆಲ್ಲ ಬರೆದಿರೋದು ನೀರೋನ ಅಭಿಮಾನಿ ಅಲ್ಲ, ಅವನನ್ನ ಕಂಡ್ರೆ ಆಗದ ಇತಿಹಾಸಕಾರ ಟ್ಯಾಸಿಟಸ್. ಆಗದವರೇ ಒಳ್ಳೆ ಮಾತು ಬರೆದಿದ್ರೆ ಅದನ್ನ ನಂಬಬಹುದು ಅಂತ ನನ್ನ ಅಭಿಪ್ರಾಯ.

ಹಾಗಾದ್ರೆ ಹಾಡಿದ ಕಥೆ ಎಲ್ಲಿಂದ ಬಂತು? ಟ್ಯಾಸಿಟಸ್ ಹೇಳೋದು ಇಷ್ಟೇ: ಊರು ಉರೀತಿದ್ದಾಗ ನೀರೋ ತನ್ನ ಮನೆಯೊಳಗಿನ ಸ್ಟೇಜ್ ಹತ್ತಿ ಗ್ರೀಕ್ ಪುರಾಣದ ಟ್ರಾಯ್ ನಗರ ನಾಶವಾದ ಹಾಡು ಹಾಡಿದ ಅಂತ ಒಂದು ಗಾಳಿಸುದ್ದಿ ಹಬ್ಬಿತ್ತು, ಅದರಿಂದಾಗಿ ಅವನು ಮಾಡಿದ ಪರಿಹಾರದ ಕೆಲಸಕ್ಕೆ ಹೆಸರೇ ಬರ್ಲಿಲ್ಲ. ಬೆಂಕಿ ಬಿದ್ದಾಗ ಟ್ಯಾಸಿಟಸ್ ಎಂಟು ವರ್ಷದ ಆಸುಪಾಸಿನ ಹುಡುಗ. ಆಮೇಲೆ ಬಂದ, ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ವೆಟೋನಿಯಸ್ ಬೆಂಕಿ ಕಾಲಕ್ಕೆ ಹುಟ್ಟೇ ಇರ್ಲಿಲ್ಲ, ಅವನು ಗಾಳಿಸುದ್ದಿ ಅನ್ನೋ ಮಾತೇ ತೆಗೆದು ಗ್ಯಾರಂಟಿಯಾಗಿ ಬರೀತಾನೆ, ನೀರೋನೇ ಬೆಂಕಿ ಇಡಿಸ್ದ, ಮೀಸೀನಸ್ ಅನ್ನೋ ಹಳೇ ಶ್ರೀಮಂತನ ತೋಟದ ಗೋಪುರ ಹತ್ತಿ ನಾಟಕದ ಡ್ರೆಸ್ ಹಾಕ್ಕೊಂಡು ಹಾಡಿದ ಅಂತ. ಇನ್ನೂ ನೂರು ವರ್ಷ ಆದ್ಮೇಲೆ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆಯೋವಾಗ ಗೋಪುರ ಹೋಗಿ ಅರಮನೆ ಮಾಳಿಗೆ ಆಯ್ತು. ಜಾಗ ಮೂರು ಕಡೆ ಮೂರು ಥರ.

ಆದ್ರೆ ಜನ ಇದನ್ನ ಥಟ್ ಅಂತ ನಂಬಿದ್ಯಾಕೆ ಅನ್ನೋದೇ ನಂಗೆ ಮುಖ್ಯ ಅನ್ಸೋ ಪ್ರಶ್ನೆ. ಉತ್ತರ ನೀರೋನ ಬದುಕಲ್ಲೇ ಇದೆ. ಅವನು 16ನೇ ವಯಸ್ಸಿಗೆ ಪಟ್ಟಕ್ಕೆ ಬಂದ, ಕ್ರಿ.ಶ. 54ರಲ್ಲಿ, ತಾಯಿ ಅಗ್ರಿಪೀನಾ ಹಠದಿಂದ. ಮೊದಮೊದಲು ಗುರು ಸೆನೆಕಾ ಮತ್ತು ಕಾವಲು ಪಡೆ ಮುಖ್ಯಸ್ಥ ಬರ್ರಸ್ ಇಬ್ರೂ ಆಡಳಿತ ಚೆನ್ನಾಗೇ ನಡೆಸಿದ್ರು. ಆಮೇಲೆ 59ರಲ್ಲಿ ತಾಯಿಯನ್ನೇ ಕೊಲ್ಲಿಸ್ದ, ಮೊದಲು ಸಮುದ್ರದಲ್ಲಿ ಕುಸಿಯೋ ಹಡಗು ಹತ್ತಿಸಿ, ಅವಳು ಈಜಿ ದಡ ಸೇರಿದ ಮೇಲೆ ಸೈನಿಕರನ್ನ ಕಳಿಸಿ. 62ರಲ್ಲಿ ಹೆಂಡತಿ ಒಕ್ಟೇವಿಯಾ, ಏನೂ ತಪ್ಪು ಮಾಡದ ಹುಡುಗಿ, ಅವಳನ್ನೂ. ಮತ್ತೆ ಹಾಡೋ ಹುಚ್ಚು ಅವನಿಗೆ ನಿಜವಾಗ್ಲೂ ಇತ್ತು, 64ರಲ್ಲೇ ಬೆಂಕಿಗೆ ಮುಂಚೆ ನೇಪಲ್ಸ್‌ನಲ್ಲಿ ಸಾರ್ವಜನಿಕವಾಗಿ ಸ್ಟೇಜ್ ಹತ್ತಿದ್ದ. ರೋಮ್‌ನ ದೊಡ್ಡ ಮನೆತನಗಳ ಕಣ್ಣಲ್ಲಿ ನಟರು ಅಂದ್ರೆ ತೀರಾ ಕೀಳು, ಚಕ್ರವರ್ತಿ ಆ ಕೆಲಸ ಮಾಡೋದು ಅವರಿಗೆ ಕೊಲೆಯಷ್ಟೇ ನಾಚಿಕೆಗೇಡು. ಇಂಥವನ ಬಗ್ಗೆ ಬೆಂಕಿ ನೋಡ್ತಾ ಹಾಡಿದ ಅಂದ್ರೆ ಯಾರು ತಾನೇ ಇಲ್ಲ ಅಂತಾರೆ?

ಇನ್ನೊಂದು ಕಾರಣ ಅವನು ತಾನೇ ಮಾಡ್ಕೊಂಡಿದ್ದು. ಊರು ಮತ್ತೆ ಕಟ್ಟೋಕೆ ಒಳ್ಳೆ ರೂಲ್ಸ್ ತಂದ, ರಸ್ತೆ ಅಗಲ ಮಾಡಿಸ್ದ, ಮನೆ ಎತ್ತರಕ್ಕೆ ಮಿತಿ ಹಾಕ್ದ, ಪ್ರತಿ ಮನೆಗೂ ಬೇರೆ ಗೋಡೆ ಇರ್ಬೇಕು, ಬೆಂಕಿ ತಡೆಯೋ ಕಲ್ಲು ಬಳಸ್ಬೇಕು ಅಂದ. ಸರಿ. ಆದ್ರೆ ಸುಟ್ಟು ಖಾಲಿಯಾದ ಊರಿನ ಮಧ್ಯದ ಜಾಗದಲ್ಲಿ ತನಗೆ ಅಂತ ಡೋಮುಸ್ ಔರಿಯಾ, ಚಿನ್ನದ ಅರಮನೆ ಕಟ್ಟಿಸ್ದ. ಒಳಗೆ ಕೆರೆ, ತೋಟ, ಕಾಡು, ಬಾಗಿಲಲ್ಲಿ 120 ಅಡಿ ಎತ್ತರದ ಅವನದೇ ಪ್ರತಿಮೆ. ಕಟ್ಟಿ ಮುಗಿದಾಗ ಈಗ ಮನುಷ್ಯರ ಥರ ಬದುಕಬಹುದು ಅಂದ್ನಂತೆ. ಮನೆ ಸುಟ್ಟು ಬೀದಿಲಿರೋ ಜನಕ್ಕೆ ಇದು ಹೇಗೆ ಕಂಡಿರಬೇಡ! ಜಾಗ ಬೇಕು ಅಂತಾನೇ ಬೆಂಕಿ ಇಡಿಸ್ದ ಅನ್ನೋ ಮಾತು ಗಟ್ಟಿಯಾಗಿದ್ದು ಇಲ್ಲಿ. ಮರುವರ್ಷ ನೀರೋನನ್ನ ಕೊಲ್ಲೋಕೆ ನಡೆದ ಪೀಸೋ ಪಿತೂರಿಯಲ್ಲಿ ಸಿಕ್ಕಿಬಿದ್ದ ಸೇನಾಧಿಕಾರಿ ಸುಬ್ರಿಯಸ್ ಫ್ಲಾವಸ್, ನೀರೋನ ಮುಖಕ್ಕೇ ನೀನು ತಾಯಿ ಹೆಂಡತಿ ಕೊಂದವನು, ರಥ ಓಡಿಸೋನು, ನಟ, ಬೆಂಕಿ ಇಟ್ಟವನು ಅಂತ ಹೇಳಿ ಸತ್ತ.

ಈ ಆರೋಪ ತನ್ನ ತಲೆಯಿಂದ ಇಳಿಸಿಕೊಳ್ಳೋಕೆ ನೀರೋ ಮಾಡಿದ್ದೇ ನನ್ನ ಲೆಕ್ಕದಲ್ಲಿ ಆ ಬೆಂಕಿಗಿಂತ ಘೋರ. ರೋಮ್‌ನಲ್ಲಿ ಆಗ ಯಾರ ಬೆಂಬಲವೂ ಇಲ್ಲದ ಸಣ್ಣ ಗುಂಪು ಕ್ರೈಸ್ತರದ್ದು, ಅವರ ಮೇಲೆ ಹಾಕ್ದ. ಪ್ರಾಣಿ ಚರ್ಮ ಹೊದಿಸಿ ನಾಯಿಗಳಿಂದ ಕಚ್ಚಿಸಿ, ಶಿಲುಬೆಗೆ ಹಾಕಿಸಿ, ಕತ್ತಲಾದ ಮೇಲೆ ದೀಪದ ಥರ ಉರಿಸಿ ಸಾಯಿಸ್ದ, ಅದೂ ತನ್ನ ತೋಟದಲ್ಲಿ, ಜನಕ್ಕೆ ಶೋ ಥರ ತೋರಿಸ್ತಾ. ಕ್ರೈಸ್ತರನ್ನ ಇಷ್ಟಪಡದ ಟ್ಯಾಸಿಟಸ್ಸೇ ಬರೀತಾನೆ, ಜನಕ್ಕೆ ಕೊನೆಗೆ ಅಯ್ಯೋ ಅನ್ನಿಸ್ತು ಅಂತ. ನಮ್ಮ ಗಾದೆಯಂಥ ಮಾತಲ್ಲಿ ಈ ವಿಷ್ಯ ಬರೋದೇ ಇಲ್ಲ, ಬಾರಿಸದೇ ಇರೋ ಪಿಟೀಲು ಮಾತ್ರ ಉಳ್ಕೊಂಡಿದೆ.

ಬೆಂಕಿ ಇಟ್ಟವರು ಯಾರು ಅಂತಾನೂ ಕೇಳ್ತೀರ. ಕೆಲವರು ಪಂಜು ಎಸೀತಾ, ನಮಗೆ ಆರ್ಡರ್ ಇದೆ ಅಂತ ಕೂಗ್ತಿದ್ರು ಅಂತ ಟ್ಯಾಸಿಟಸ್ ಬರ್ದಿದಾನೆ, ಅದು ಲೂಟಿ ಮಾಡೋರ ನೆಪವೂ ಆಗಿರಬಹುದು ಅಂತ ಅವನೇ ಸೇರಿಸ್ತಾನೆ. ತನ್ನದೇ ಅರಮನೆ ಸುಡೋ ಹಾಗೆ ಯಾರೂ ಪ್ಲಾನ್ ಮಾಡಲ್ಲ, ನಂಗೆ ಆಕಸ್ಮಿಕ ಅಂತಲೇ ಕಾಣುತ್ತೆ. ರೋಮ್‌ಗೆ ಬೆಂಕಿ ಹೊಸದೂ ಅಲ್ಲ.

ನಾಲ್ಕು ವರ್ಷ ಆದ್ಮೇಲೆ ಸೈನ್ಯ ತಿರುಗಿಬಿತ್ತು, ಸೆನೆಟ್ ದೇಶದ ಶತ್ರು ಅಂತ ಘೋಷಿಸ್ತು, ನೀರೋ 30ನೇ ವಯಸ್ಸಲ್ಲಿ ಆತ್ಮಹತ್ಯೆ ಮಾಡ್ಕೊಂಡ. ಆದ್ರೆ ಅವನನ್ನ ಎಲ್ಲರೂ ದ್ವೇಷಿಸ್ತಿದ್ರು ಅಂದ್ಕೊಂಡ್ರೆ ಅದೂ ತಪ್ಪು. ಗೋಪುರದ ಕಥೆ ಬರೆದ ಅದೇ ಸ್ವೆಟೋನಿಯಸ್ ಹೇಳ್ತಾನೆ, ನೀರೋನ ಸಮಾಧಿಗೆ ಎಷ್ಟೋ ವರ್ಷ ಜನ ಹೂ ತಂದು ಇಡ್ತಿದ್ರು ಅಂತ, ಮತ್ತೆ ನೀರೋ ಸತ್ತು 20 ವರ್ಷ ಆದ್ಮೇಲೆ ಯಾರೋ ಒಬ್ಬ ನಾನೇ ನೀರೋ ಅಂತ ಬಂದಾಗ ರೋಮ್‌ನ ಪೂರ್ವಕ್ಕಿದ್ದ ಎದುರಾಳಿ ರಾಜ್ಯ ಪಾರ್ಥಿಯಾದವರು ಅವನ ಬೆನ್ನಿಗೆ ನಿಂತು, ರೋಮ್‌ಗೆ ಒಪ್ಪಿಸೋಕೆ ಬಹಳ ಹಿಂದೇಟು ಹಾಕಿದ್ರಂತೆ.